ದಂದಕ್ಕಿಯಲ್ಲಿ ರೂಪುಗೊಂಡ ತಳಿ: ಅಕ್ಕೋಳ–ಅಥಣಿ ಸೀಮೆಯ ವಾಡೆಗಳು ಮತ್ತು ಕೃಷ್ಣಾ ಕಣಿವೆಯ ಎತ್ತು

ಕೃಷ್ಣಾ ಕಣಿವೆಯ ದನದ ತಳಿಯನ್ನು ದಕ್ಷಿಣ ಮರಾಠಾ ಸಂಸ್ಥಾನಿಕರ ಕೊಡುಗೆಯೆಂದು ಹೇಳುವುದು ವಾಡಿಕೆ. 19ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಸಾಂಗಲಿ ಮೊದಲಾದ ಸಂಸ್ಥಾನಗಳ ಅರಸರು ಗಿರ್, ಒಂಗೋಲ್, ಕಾಂಕ್ರೇಜ್ ಹೋರಿಗಳನ್ನು ತರಿಸಿ, ಮೈಸೂರು ಮಾದರಿಯ ರಕ್ತವಿದ್ದ ಸ್ಥಳೀಯ ಆಕಳುಗಳಿಗೆ ಕೂಡಿಸಿದರು. ಇದು ನಿಜ. ಆದರೆ ಹೋರಿ ತಂದ ಮಾತ್ರಕ್ಕೆ ತಳಿ ನಿಲ್ಲುವುದಿಲ್ಲ. ಯಾವ ಕರುವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಸಂತೆಗೆ ಹೊಡೆಯಬೇಕು ಎಂಬ ತೀರ್ಮಾನ ಆಗುತ್ತಿದ್ದುದು ಒಕ್ಕಲು ಮನೆಗಳಲ್ಲಿ. ತಳಿಯ ನಿಜವಾದ ಕರ್ತೃತ್ವ ಅಲ್ಲಿಯದೆಂಬುದು ನನ್ನ ವಾದ.

ಅಕ್ಕೋಳ–ಅಥಣಿ ಸೀಮೆಯ ಹಳೆಯ ವಾಡೆಯ, ಅಂದರೆ ದೊಡ್ಡ ಒಕ್ಕಲು ಮನೆಯ, ರಚನೆಯೇ ಇದಕ್ಕೆ ಸಾಕ್ಷಿ. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ದಂದಕ್ಕಿ, ಅದರಂಚಿಗೆ ಮೇವು ಹಾಕುವ ಗ್ವಾದಲಿ. ಮನುಷ್ಯರ ಪಡಸಾಲಿ ಅದಕ್ಕಿಂತ ಎತ್ತರದಲ್ಲಿ. ಪಡಸಾಲಿಯಲ್ಲಿ ಕೂತ ಯಜಮಾನನ ಕಣ್ಣೆದುರಿಗೇ ದನ ಮೇಯುತ್ತಿತ್ತು, ಮಲಗುತ್ತಿತ್ತು, ಈಯುತ್ತಿತ್ತು. ಕರುವಿನ ಕಾಲು, ಗೊರಸು, ಹೆಗಲನ್ನು ದಿನವೂ ನೋಡಿ ಅಳೆಯುವ ಇಂಥ ಅನುಕೂಲ ಯಾವ ಸಂಸ್ಥಾನದ ಲಾಯಕ್ಕೂ ಇರಲಿಲ್ಲ.

ಯಜಮಾನನ ಆ ಕಣ್ಣು ಹುಡುಕುತ್ತಿದ್ದುದು ಓಟವನ್ನಲ್ಲ, ಭಾರ ಎಳೆಯುವ ತಾಕತ್ತನ್ನು. ಕಾಲಿಗೆ ಹತ್ತುವ ಎರೆಮಣ್ಣಿನಲ್ಲಿ ಕರಿಕೆ ಹುಲ್ಲಿನ ಬೇರು ಕೀಳುವಷ್ಟು ಆಳವಾಗಿ ಉಳಬೇಕಿತ್ತು. ಗುರ್ಲಹೊಸೂರಿನಲ್ಲಿ ಹುಟ್ಟಿದ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಮೇಲೆ ಅಲ್ಲಿಯ ಕಬ್ಬಿಣದ ನೇಗಿಲು ಹೊಲಗಳಿಗೆ ಬಂತು. ಅದನ್ನು ಎಳೆಯುವುದಕ್ಕೂ ಇಂಥ ಎತ್ತುಗಳೇ ಬೇಕಾದವು. ಈ ತಳಿಯ ಎತ್ತಿನ ನಡಿಗೆ ನಿಧಾನ, ಮೈ ದೊಡ್ಡದು, ಹೊಟ್ಟೆಯೂ ದೊಡ್ಡದು. ಆ ಹೊಟ್ಟೆ ತುಂಬಿಸುತ್ತಿದ್ದುದು ಹಿತ್ತಲಿನ ಜೋಳದ ಕಣಿಕೆಯ (ಒಣದಂಟಿನ) ಬಣವೆ.

ತಳಿಯ ಅವನತಿಯ ಕಾರಣವನ್ನೂ ಆ ಒಕ್ಕಲು ಮನೆಗಳಲ್ಲಿಯೇ ಹುಡುಕಬೇಕು. ಟ್ರ್ಯಾಕ್ಟರ್ ಒಂದನ್ನೇ ದೂರುವುದು ಅರ್ಧಸತ್ಯ. ನೀರಾವರಿ ಬಂದು ಜೋಳದ ಹೊಲಕ್ಕೆ ಕಬ್ಬು ಬಿತ್ತು. ಕಬ್ಬಿನ ವಾಡಿ (ತುದಿಯ ಹಸಿರು ಸೋಗೆ) ಕಟಾವಿನ ಹಂಗಾಮಿಗೆ ಮಾತ್ರ ಮೇವು, ವರ್ಷವಿಡೀ ಒಟ್ಟಿಡಲು ಬಾರದು. ಕೂಡುಕುಟುಂಬ ಒಡೆದಾಗ ಹೊಲದ ಜೊತೆಗೆ ದಂದಕ್ಕಿಯೂ ಪಾಲಾಯಿತು. ಇನ್ನು ಎತ್ತು ಕಟ್ಟುವವರಿಗೆ ಚುರುಕಾದ ಖಿಲಾರಿ ತಳಿಯೇ ಹಿಡಿಸಿತು. ಚಿಂಚಲಿ ಮಾಯಕ್ಕನ ಜಾತ್ರೆಯ ದನದ ಪೇಟೆಯಲ್ಲೂ ಅದರದೇ ಮೇಲುಗೈ.

ಅಮೆರಿಕದ ಬ್ರಾಹ್ಮನ್ ದನದ ತಳಿಯಲ್ಲಿ ಕೃಷ್ಣಾ ಕಣಿವೆಯ ರಕ್ತದ ಪಾಲೂ ಇದೆ. ಹುಟ್ಟಿದ ನೆಲದಲ್ಲಿ ಮಾತ್ರ ಶುದ್ಧ ಜೋಡಿ ಅಪರೂಪವಾಗಿದೆ. ಸಂರಕ್ಷಣೆಯನ್ನು ಸರಕಾರಿ ಫಾರ್ಮುಗಳಿಗಷ್ಟೇ ಬಿಡದೆ, ಇನ್ನೂ ಕಣಿಕೆ ಒಟ್ಟುವ ಮನೆಗಳಿಗೆ ಹೋರಿ ಸಾಕುವ ಖರ್ಚನ್ನು ನೇರವಾಗಿ ಕೊಡಬೇಕು.