ಗ್ರಾಮೀಣ ವಿದ್ಯುದೀಕರಣ ಯೋಜನೆ (ಭಾರತ)

ಗ್ರಾಮೀಣ ವಿದ್ಯುದೀಕರಣವೆಂದರೆ ಹಳ್ಳಿಯ ಮನೆ, ಹೊಲ ಮತ್ತು ಕಸುಬುಗಳಿಗೆ ವಿದ್ಯುತ್ತನ್ನು ತಲುಪಿಸಿ, ಆ ಪೂರೈಕೆ ಬಹುಕಾಲ ಅಡಚಣೆಯಿಲ್ಲದೆ ನಡೆಯುವಂತೆ ಏರ್ಪಡಿಸುವುದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವಿದ್ಯುತ್ ಪಡೆದಿದ್ದ ಹಳ್ಳಿಗಳು ಸುಮಾರು 1,500 ಮಾತ್ರ. ಮೈಸೂರು ಸಂಸ್ಥಾನದಲ್ಲಿಯೂ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರು ನಗರಕ್ಕೆ. ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ.

1960ರ ದಶಕದ ಬರಗಾಲಗಳ ಬಳಿಕ ಆಹಾರೋತ್ಪಾದನೆಯೇ ಮುಖ್ಯವಾಗಿ, 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುದೀಕರಣ ನಿಗಮದ ಸಾಲದಿಂದ ವಿದ್ಯುತ್ ಮಂಡಳಿಗಳು ಎಳೆದ ಮಾರ್ಗಗಳು ಮನೆಗಳಿಗಿಂತ ಹೆಚ್ಚಾಗಿ ನೀರಾವರಿ ಪಂಪ್‌ಸೆಟ್ಟುಗಳನ್ನು ಲಕ್ಷ್ಯದಲ್ಲಿಟ್ಟುಕೊಂಡವು. ಮುಂದೆ ಹಲವು ರಾಜ್ಯಗಳು ಮೀಟರಿನ ಅಳತೆಯನ್ನು ಬಿಟ್ಟು ಪಂಪಿನ ಅಶ್ವಶಕ್ತಿಗೆ ತಕ್ಕ ನಿಗದಿತ ದರವನ್ನು, ಕೆಲವೆಡೆ ಉಚಿತ ವಿದ್ಯುತ್ತನ್ನು ನೀಡಿದ್ದರಿಂದ ಮಂಡಳಿಗಳ ನಷ್ಟ ಬೆಳೆಯಿತು, ಅಂತರ್ಜಲ ಕುಸಿಯಿತು.

ಇಷ್ಟೇ ಗಂಭೀರವಾದ ದೋಷ ಎಣಿಕೆಯಲ್ಲಿತ್ತು. 1997ರವರೆಗೆ ಹಳ್ಳಿಯ ಕಂದಾಯ ಗಡಿಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ ಬಳಕೆಯಾದರೆ, ಅಂದರೆ ಊರಾಚೆಯ ಒಂದು ಪಂಪ್ ನಡೆದರೂ, ಇಡೀ ಹಳ್ಳಿ ವಿದ್ಯುದೀಕೃತವೆನಿಸುತ್ತಿತ್ತು. 2004ರ ವ್ಯಾಖ್ಯೆಯು ಜನವಸತಿಯಲ್ಲಿ ಮತ್ತು ದಲಿತ ಕೇರಿಯಲ್ಲಿ ವಿತರಣಾ ಪರಿವರ್ತಕ (ಟ್ರಾನ್ಸ್‌ಫಾರ್ಮರ್) ಹಾಗೂ ಮಾರ್ಗಗಳು, ಶಾಲೆಯಂತಹ ಸಾರ್ವಜನಿಕ ಕಟ್ಟಡಗಳಿಗೆ ಸಂಪರ್ಕ, ಕನಿಷ್ಠ ಶೇ. 10ರಷ್ಟು ಮನೆಗಳಲ್ಲಿ ವಿದ್ಯುತ್ ಇರಬೇಕೆಂದು ವಿಧಿಸಿತು; ಉಳಿದ ಶೇ. 90 ಮನೆಗಳು ಕತ್ತಲಲ್ಲಿದ್ದರೂ ಲೆಕ್ಕ ಪೂರ್ಣವಾಗುತ್ತಿತ್ತು.

ಬೇರೊಂದು ಮಾರ್ಗವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ತೋರಿಸಿದರು. ಉತ್ಪಾದನೆಯ ಮೆಗಾವ್ಯಾಟ್ ಗುರಿಯಿಂದಲ್ಲ, ಜನರಿಗೆ ಬೇಕಾದ ಬೆಳಕು, ನೀರು, ಅಡುಗೆಯ ಶಾಖ ಮುಂತಾದ ಸೇವೆಗಳಿಂದ ಯೋಜನೆ ಆರಂಭವಾಗಬೇಕೆಂಬ ಅವರ ವಾದ ಸರಿಯಾದದ್ದು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಂಸ್ಥೆಯ 'ಅಸ್ತ್ರ' ವಿಭಾಗವು ಊರವರು ತಂದೊಪ್ಪಿಸುವ ಸಗಣಿಯ ಜೈವಿಕ ಅನಿಲದಿಂದ, ಸ್ವಲ್ಪ ಡೀಸೆಲ್ಲನ್ನೂ ಬಳಸಿ, ಎಂಜಿನ್ ನಡೆಸಿ ದೀಪಕ್ಕೂ ಕುಡಿಯುವ ನೀರಿಗೂ ವಿದ್ಯುತ್ ಒದಗಿಸಿತು. ಅನಿಲ ತೆಗೆದುಳಿದ ಬಗ್ಗಡವು ಗೊಬ್ಬರವಾಗಿ ಊರವರಿಗೇ ಮರಳುತ್ತಿತ್ತು.

2003ರ ವಿದ್ಯುಚ್ಛಕ್ತಿ ಕಾಯ್ದೆಯು ಗ್ರಾಮೀಣ ಪ್ರದೇಶಗಳಲ್ಲಿ ಪರವಾನಗಿಯಿಲ್ಲದೆ ವಿದ್ಯುತ್ ಉತ್ಪಾದಿಸಿ ಹಂಚಲು ಅವಕಾಶ ಕೊಟ್ಟಿತು. 2005ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆಯೂ, 2017ರಲ್ಲಿ ಪ್ರತಿ ಮನೆಯನ್ನೂ ಗುರಿಯಾಗಿಸಿದ ಸೌಭಾಗ್ಯ ಯೋಜನೆಯೂ ಬಂದವು. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್‌ಗೆ ಸಂಪರ್ಕ ದೊರೆತು ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕೃತವೆಂದು ಸರಕಾರ ಘೋಷಿಸಿತಾದರೂ, ಆ ಘೋಷಣೆಗೆ ಆಧಾರವಾದ 2004ರ ವ್ಯಾಖ್ಯೆಯಲ್ಲಿ ದಿನಕ್ಕೆ ಎಷ್ಟು ಗಂಟೆ ವಿದ್ಯುತ್ ಇರಬೇಕೆಂಬ ನಿಯಮವಿಲ್ಲ.