ಪರ್ಸ್ಪೆಕ್ಟಿವ್ ಚಿತ್ರದ ಚರಿತ್ರೆ: ಬಸ್ರಾದಿಂದ ಫ್ಲಾರೆನ್ಸಿಗೆ



ಎಸೆಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್‌ನ ಸಿವಿಲ್ ವಿಭಾಗಕ್ಕೋ ಐ.ಟಿ.ಐ.ಯ ಡ್ರಾಫ್ಟ್ಸ್‌ಮನ್ ತರಬೇತಿಗೋ ಸೇರಬೇಕೆಂದಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಅಲ್ಲಿ ಪ್ಲಾನ್, ಎಲಿವೇಶನ್, ಸೆಕ್ಷನ್‌ಗಳನ್ನು ಕಲಿತ ಮೇಲೆ ಪರ್ಸ್ಪೆಕ್ಟಿವ್ ಎಂಬ ಪಾಠ ಎದುರಾಗುತ್ತದೆ. ಒಂದು ಕಟ್ಟಡ ನಮ್ಮ ಕಣ್ಣಿಗೆ ಹೇಗೆ ಕಾಣುತ್ತದೆಯೋ ಹಾಗೆಯೇ ಅದನ್ನು ಕಾಗದದ ಮೇಲೆ ಇಳಿಸುವ ವಿಧಾನ ಇದು. ಕನ್ನಡದಲ್ಲಿ ಇದನ್ನು ಯಥಾದೃಷ್ಟಿ ಚಿತ್ರಣ ಎನ್ನುತ್ತಾರೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಚಿಕ್ಕದು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ನೂರಾರು ವರ್ಷಗಳೇ ಬೇಕಾದವು.

ಈ ಚರಿತ್ರೆಯನ್ನು ಎರಡು ರೀತಿಯಲ್ಲಿ ಹೇಳುವುದುಂಟು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಟಲಿಯ ಫ್ಲಾರೆನ್ಸ್ ನಗರದಿಂದ ಆರಂಭಿಸುತ್ತವೆ. ನಮ್ಮ ಸಭೆಗಳಲ್ಲಿ ಕೆಲವು ಭಾಷಣಕಾರರು ಇದೆಲ್ಲವನ್ನೂ ಮುಸ್ಲಿಂ ವಿಜ್ಞಾನಿಗಳೇ ಕಂಡುಹಿಡಿದರು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಎರಡೂ ಅರ್ಧ ಸತ್ಯಗಳು. ಪೂರ್ತಿ ಸತ್ಯವೇ ನಮಗೆ ಹೆಚ್ಚು ಹೆಮ್ಮೆ ತರುವಂಥದ್ದು.

ನೋಟದ ಶಾಸ್ತ್ರ

ಇಬ್ನುಲ್ ಹೈಸಮ್ ಸುಮಾರು ಕ್ರಿ.ಶ. 965ರಲ್ಲಿ ಇರಾಕಿನ ಬಸ್ರಾದಲ್ಲಿ ಹುಟ್ಟಿದರು. ಫಾತಿಮಿ ಖಲೀಫ ಅಲ್ ಹಾಕಿಮ್‌ರ ಕಾಲದಲ್ಲಿ ಕೈರೋಗೆ ಬಂದು ಅಲ್ಲಿಯೇ ನೆಲೆಸಿದರು. ಗಣಿತ ಗ್ರಂಥಗಳನ್ನು ಕೈಬರಹದಲ್ಲಿ ನಕಲು ಮಾಡಿ ಜೀವನ ಸಾಗಿಸುತ್ತಿದ್ದರೆಂದು ಚರಿತ್ರೆಕಾರ ಅಲ್ ಖಿಫ್ತಿ ಬರೆದಿದ್ದಾರೆ. ಅವರ ಏಳು ಭಾಗಗಳ ಮಹಾಗ್ರಂಥದ ಹೆಸರು 'ಕಿತಾಬುಲ್ ಮನಾಜಿರ್'. ನೀವು ಉರ್ದುವಿನಲ್ಲಿ ಬಳಸುವ 'ಮಂಜರ್', 'ನಜರ್' ಪದಗಳು ಇದೇ ಅರಬಿ ಧಾತುವಿನಿಂದ ಬಂದವು. ಎಲ್ಲಕ್ಕೂ ನೋಟವೇ ಮೂಲ.

ಅದಕ್ಕೆ ಮೊದಲು ಗ್ರೀಕ್ ಗಣಿತಜ್ಞರಾದ ಯೂಕ್ಲಿಡ್ ಮತ್ತು ಟಾಲೆಮಿ, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಾವು ನೋಡುತ್ತೇವೆ ಎಂದಿದ್ದರು. ಇಬ್ನುಲ್ ಹೈಸಮ್ ಇದನ್ನು ಒಪ್ಪಲಿಲ್ಲ. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣು ನೋಯುತ್ತದಲ್ಲವೇ? ಹಾಗಾದರೆ ಬೆಳಕು ಹೊರಗಿನಿಂದ ಕಣ್ಣಿಗೆ ಬರುತ್ತಿದೆ ಎಂದಾಯಿತು. ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಸರಳರೇಖೆಯಲ್ಲಿ ಹೊರಡುತ್ತದೆ. ಹೀಗೆ ಬಂದ ರೇಖೆಗಳು ಕಣ್ಣಿನ ಕೇಂದ್ರದಲ್ಲಿ ತುದಿಯಿರುವ ಒಂದು ಶಂಕುವಿನಂತೆ ಜೋಡಣೆಯಾಗುತ್ತವೆ ಎಂದು ಅವರು ವಿವರಿಸಿದರು. ದೂರವನ್ನು ನಾವು ಹೇಗೆ ಅಳೆಯುತ್ತೇವೆ ಎಂಬುದನ್ನೂ ಚರ್ಚಿಸಿದರು. ನಮಗೂ ವಸ್ತುವಿಗೂ ನಡುವೆ ಇರುವ ನೆಲ ಮತ್ತು ಅದರ ಮೇಲಿನ ವಸ್ತುಗಳನ್ನು ಕಂಡೇ ಕಣ್ಣು ದೂರವನ್ನು ಅಂದಾಜು ಮಾಡುತ್ತದೆ ಎಂಬುದು ಅವರ ವಾದ.

ಈ ಗ್ರಂಥ ಸುಮಾರು 1200ರ ಹೊತ್ತಿಗೆ ಲ್ಯಾಟಿನ್‌ಗೆ ಅನುವಾದವಾಯಿತು. ಅಲ್ಲಿ ಲೇಖಕರ ಹೆಸರು 'ಅಲ್‌ಹಾಸೆನ್' ಆಯಿತು. 13ನೇ ಶತಮಾನದಲ್ಲಿ ರೋಜರ್ ಬೇಕನ್, ಜಾನ್ ಪೆಕಮ್, ವಿಟೆಲೊ ಮೊದಲಾದವರು ಇದನ್ನು ಓದಿ ತಮ್ಮ ಗ್ರಂಥಗಳನ್ನು ಬರೆದರು. ಈ ನೋಟದ ಶಾಸ್ತ್ರಕ್ಕೆ ಲ್ಯಾಟಿನ್‌ನಲ್ಲಿ ಇದ್ದ ಹೆಸರೇ 'ಪರ್ಸ್ಪೆಕ್ಟಿವಾ'. ಚಿತ್ರಕಲೆಗೆ ಆ ಹೆಸರು ಬಂದದ್ದು ಆಮೇಲೆ.

ಗೆರೆಯ ಶಾಸ್ತ್ರ

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಬ್ನುಲ್ ಹೈಸಮ್ ಪರ್ಸ್ಪೆಕ್ಟಿವ್ ಚಿತ್ರ ಬಿಡಿಸುವ ವಿಧಾನವನ್ನು ಹೇಳಲಿಲ್ಲ. ಅವರು ಹೇಳಿದ್ದು ಕಣ್ಣು ಹೇಗೆ ನೋಡುತ್ತದೆ ಎಂಬುದನ್ನು. ಕಾಗದದ ಮೇಲೆ ಗೆರೆ ಹೇಗೆ ಎಳೆಯಬೇಕು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವರು 15ನೇ ಶತಮಾನದ ಫ್ಲಾರೆನ್ಸಿನ ಕಲಾವಿದರು.

ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಅಲ್ಲಿನ ಬ್ಯಾಪ್ಟಿಸ್ಟರಿ ಕಟ್ಟಡದ ಚಿತ್ರವನ್ನು ಹಲಗೆಯ ಮೇಲೆ ಬರೆದು, ಅದರಲ್ಲೊಂದು ರಂಧ್ರ ಮಾಡಿದರು. ಹಲಗೆಯ ಹಿಂಬದಿಯಿಂದ ಆ ರಂಧ್ರಕ್ಕೆ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ನೋಡಬೇಕು. ನೋಡಿದವನಿಗೆ ನಿಜ ಕಟ್ಟಡವನ್ನೇ ಕಂಡಂತಾಗುತ್ತಿತ್ತಂತೆ. 1435ರಲ್ಲಿ ಆಲ್ಬೆರ್ಟಿ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ವಿಧಾನಕ್ಕೆ ನಿಯಮ ಕೊಟ್ಟರು. ಚಿತ್ರವೆಂದರೆ ತೆರೆದ ಕಿಟಕಿ. ಕಣ್ಣಿನಿಂದ ವಸ್ತುವಿನವರೆಗಿನ ರೇಖೆಗಳನ್ನು ಒಂದು ಗಾಜು ಅಡ್ಡಲಾಗಿ ಕತ್ತರಿಸಿದರೆ ಆ ಗಾಜಿನ ಮೇಲೆ ಉಳಿಯುವುದೇ ಚಿತ್ರ. ಕೆಲವು ಚಿತ್ರಕಾರರು ನೆಲದ ಪ್ರತಿ ಸಾಲಿನ ಹಾಸುಗಲ್ಲನ್ನು ಹಿಂದಿನ ಸಾಲಿನ ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತಿದ್ದರು. ಅದು ತಪ್ಪೆಂದ ಆಲ್ಬೆರ್ಟಿ ಸುಲಭವಾದ ಪರೀಕ್ಷೆಯೊಂದನ್ನು ಹೇಳಿಕೊಟ್ಟರು: ಹಾಸುಗಲ್ಲುಗಳ ಮೂಲೆಯಿಂದ ಮೂಲೆಗೆ ಹಾಯುವ ಕರ್ಣ ಒಂದೇ ನೇರ ಗೆರೆಯಾಗಿದ್ದರೆ ಚಿತ್ರ ಸರಿ.

ಹಾಗಾದರೆ ಬಸ್ರಾಕ್ಕೂ ಫ್ಲಾರೆನ್ಸಿಗೂ ಸಂಬಂಧವಿಲ್ಲವೇ? ಖಂಡಿತ ಇದೆ. ಕಿತಾಬುಲ್ ಮನಾಜಿರ್ 14ನೇ ಶತಮಾನದಲ್ಲಿ ಇಟಾಲಿಯನ್ ಭಾಷೆಗೂ ಬಂದಿತ್ತು. ಬ್ರುನೆಲೆಸ್ಕಿಯ ಸಮಕಾಲೀನ ಶಿಲ್ಪಿ ಗಿಬೆರ್ಟಿ ತಮ್ಮ ಬರಹಗಳಲ್ಲಿ ಅದರಿಂದ ಸಾಕಷ್ಟು ಭಾಗಗಳನ್ನು ತೆಗೆದುಕೊಂಡಿದ್ದಾರೆ. ನೋಟದ ಶಾಸ್ತ್ರ ಒಂದು ಕಡೆಯಿಂದ ಬಂತು, ಗೆರೆಯ ಶಾಸ್ತ್ರ ಇನ್ನೊಂದು ಕಡೆ ಹುಟ್ಟಿತು. ಜ್ಞಾನ ಬೆಳೆಯುವುದೇ ಹೀಗೆ.

ಕಟ್ಟುವವರ ನಕ್ಷೆ

ಇಸ್ಲಾಮಿ ನಾಡುಗಳ ಕಟ್ಟಡ ತಜ್ಞರು ಪರ್ಸ್ಪೆಕ್ಟಿವ್ ಬಳಸದೆಯೇ ಮಹಾನ್ ಗುಮ್ಮಟಗಳನ್ನು ಕಟ್ಟಿದರು. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಸುಮಾರು 29 ಮೀಟರ್ ಉದ್ದದ ಸುರುಳಿಯೊಂದಿದೆ. ಅದರಲ್ಲಿ 114 ವಿನ್ಯಾಸಗಳಿವೆ. ಜೇನುಗೂಡಿನಂತೆ ಇಳಿಬಿದ್ದಿರುವ ಮುಖರ್ನಸ್ ಕಮಾನುಗಳನ್ನೂ ಅಲ್ಲಿ ಕೇವಲ ಸಮತಟ್ಟಾದ ಪ್ಲಾನ್‌ಗಳಾಗಿ ಬರೆದಿದ್ದಾರೆ. ಕಟ್ಟುವವನಿಗೆ ಬೇಕಾದದ್ದು ಅಳತೆ. ಪರ್ಸ್ಪೆಕ್ಟಿವ್ ಚಿತ್ರದಲ್ಲಿ ದೂರದ ಕಂಬ ಗಿಡ್ಡವಾಗುತ್ತದೆ. ಅದರ ಮೇಲೆ ಸ್ಕೇಲ್ ಇಟ್ಟು ಅಳೆದು ಗೋಡೆ ಎಬ್ಬಿಸಲಾಗದು.

ಆಶ್ಚರ್ಯವೆಂದರೆ ಇದೇ ಮಾತನ್ನು ಆಲ್ಬೆರ್ಟಿಯೂ ಹೇಳಿದ್ದಾರೆ. ವಾಸ್ತುಶಿಲ್ಪದ ಬಗ್ಗೆ ಅವರು ಬರೆದು, 1485ರಲ್ಲಿ ಅಚ್ಚಾದ ಗ್ರಂಥದಲ್ಲಿ, ನೆರಳು ಮತ್ತು ಕಿರಿದಾಗುವ ಗೆರೆಗಳು ಚಿತ್ರಕಾರನಿಗಿರಲಿ, ಕಟ್ಟುವವನು ನಿಜವಾದ ಅಳತೆಯ ನಕ್ಷೆಯನ್ನೇ ಕೊಡಲಿ ಎಂದು ಎಚ್ಚರಿಸಿದರು. ಬಣ್ಣ ಬಳಿದ ಮಾದರಿಗಳು ನೋಡುವವರ ಗಮನವನ್ನು ಬೇರೆಡೆ ಸೆಳೆಯುತ್ತವೆ ಎಂಬುದು ಅವರ ಆಕ್ಷೇಪ.

ನೀವು ಕಲಿಯುವಾಗ

ಮೊದಲು ಒಂದು ಪ್ರಯೋಗ ಮಾಡಿ. ಶಾಲೆಯ ವರಾಂಡದ ಉದ್ದಕ್ಕೆ ನೇರವಾಗಿ ನೋಡುವಂತೆ ಒಂದು ಗಾಜನ್ನು ಎದುರಿಗೆ ನಿಲ್ಲಿಸಿ. ಒಂದು ಕಣ್ಣು ಮುಚ್ಚಿ, ತಲೆ ಅಲುಗಾಡಿಸದೆ, ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ನೆಲ, ಗೋಡೆ, ಛಾವಣಿಯ ಅಂಚುಗಳನ್ನು ಗುರುತಿಸಿ. ಆ ಗೆರೆಗಳನ್ನು ಮುಂದುವರಿಸಿದರೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದು ನಿಮ್ಮ ಕಣ್ಣಿನ ಎತ್ತರದಲ್ಲೇ ಇರುತ್ತದೆ. ಈಗ ನೆಲದ ಮೇಲೆ ಕುಳಿತು ಮತ್ತೆ ಬರೆಯಿರಿ, ಬಿಂದುವೂ ಕೆಳಗಿಳಿಯುತ್ತದೆ. ಕಟ್ಟಡವನ್ನು ಮೂಲೆಯ ಕಡೆಯಿಂದ ನೋಡಿದರೆ ಎರಡು ಬದಿಗೆ ಎರಡು ಬಿಂದುಗಳು ಬರುತ್ತವೆ. ಅವೂ ಕಣ್ಣೆತ್ತರದ ಒಂದೇ ಗೆರೆಯ ಮೇಲಿರುತ್ತವೆ. ಇಷ್ಟು ಅರ್ಥವಾದರೆ ಪಠ್ಯಪುಸ್ತಕದ ಹಂತಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಈಗ ಕಂಪ್ಯೂಟರ್ ಕ್ಷಣಾರ್ಧದಲ್ಲಿ ಪರ್ಸ್ಪೆಕ್ಟಿವ್ ಕೊಡುತ್ತದೆ, ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಕಂಪ್ಯೂಟರ್ ಗೆರೆ ಎಳೆಯುತ್ತದೆ, ಆದರೆ ಕಣ್ಣನ್ನು ಎಲ್ಲಿಡಬೇಕೆಂದು ತೀರ್ಮಾನಿಸುವವರು ನೀವು. ಮನುಷ್ಯ ನಿಲ್ಲಲಾರದ ಜಾಗದಲ್ಲಿ ಕಣ್ಣನ್ನಿಟ್ಟು, ನೋಟದ ಕೋನವನ್ನು ಅಗಲಿಸಿದರೆ ಹತ್ತಡಿಯ ಕೋಣೆಯೂ ದರ್ಬಾರ್ ಹಾಲ್‌ನಂತೆ ಕಾಣುತ್ತದೆ. ಸಾಲ ಮಾಡಿ ಮನೆ ಕಟ್ಟಿಸುವ ಬಡವ ಪ್ಲಾನ್ ಓದಲಾರ. ಆತ ನಂಬುವುದು ನೀವು ತೋರಿಸುವ ಬಣ್ಣದ ಚಿತ್ರವನ್ನು. ಕಣ್ಣು ಎಲ್ಲಿದೆ ಎಂಬುದನ್ನು ಅವನಿಗೆ ಹೇಳಿ, ಪ್ಲಾನ್‌ನ ಅಳತೆಯನ್ನೂ ಪಕ್ಕದಲ್ಲೇ ಬರೆದುಕೊಡುವುದು ನಿಮ್ಮ ಕರ್ತವ್ಯ.

ಚರಿತ್ರೆಗೂ ಇದೇ ನಿಯಮ. ನಾವು ನಿಂತ ಜಾಗದಿಂದ ನಮ್ಮವರು ದೊಡ್ಡವರಾಗಿ, ದೂರದವರು ಚಿಕ್ಕವರಾಗಿ ಕಾಣುವುದು ಸಹಜ. ಅದಕ್ಕೇ ಅಳತೆ ಬೇಕು. ಟಾಲೆಮಿಯ ತಪ್ಪುಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಇಬ್ನುಲ್ ಹೈಸಮ್, ಸತ್ಯವನ್ನು ಹುಡುಕುವವನು ಹಿಂದಿನವರ ಮಾತನ್ನಷ್ಟೇ ಅಲ್ಲ, ತನ್ನ ಸ್ವಂತ ತೀರ್ಮಾನವನ್ನೂ ಅನುಮಾನಿಸಬೇಕು ಎಂಬ ಅರ್ಥದ ಮಾತು ಹೇಳಿದ್ದಾರೆ. ಅವರ ಹೆಸರನ್ನು ವೇದಿಕೆಯಲ್ಲಿ ಕೂಗುವುದಕ್ಕಿಂತ ಈ ಗುಣವನ್ನು ರೂಢಿಸಿಕೊಳ್ಳುವುದೇ ಅವರಿಗೆ ಸಲ್ಲುವ ಗೌರವ. ಪೆನ್ಸಿಲ್ ಹಿಡಿಯಿರಿ, ಕರ್ಣ ಎಳೆದು ಪರೀಕ್ಷಿಸಿ, ಆಮೇಲೆ ನಂಬಿ.