ಗಾಂಧಿ ಕ್ಲಾಸಿನ ಹುಡುಗರು

ನಮ್ಮ ಕಡೆ ಗಂಡಸರು ತಲೆ ಬೋಳಿಸಿಕೊಳ್ಳೋದು ಎರಡೇ ಕಾರಣಕ್ಕೆ. ದೇವರಿಗೆ ಮುಡಿ ಕೊಟ್ಟಾಗ, ಇಲ್ಲಾ ಮನೇಲಿ ಸಾವಾದಾಗ. 1960ರ ದಶಕದ ಕೊನೆಯಲ್ಲಿ ಲಂಡನ್ನಿನ ಕೂಲಿಕಾರರ ಮಕ್ಕಳು ಸುಮ್ಮನೆ ಷೋಕಿಗೆ ತಲೆ ನುಣ್ಣಗೆ ಮಾಡಿಕೊಂಡು, ಫ್ಯಾಕ್ಟರಿ ಬೂಟು ಮೆಟ್ಟಿಕೊಂಡು ಫುಟ್‌ಬಾಲ್ ನೋಡೋಕೆ ಹೋಗ್ತಿದ್ರು ಅಂತ ಮೊದಲ ಸಲ ಓದಿದಾಗ ನನಗೆ ವಿಚಿತ್ರ ಅನ್ನಿಸಿತ್ತು. ಆಮೇಲೆ ಅವರ ಬಗ್ಗೆ ಇನ್ನಷ್ಟು ಓದುತ್ತಾ ಹೋದ ಹಾಗೆ ವಿಚಿತ್ರ ಅನ್ನಿಸೋದು ನಿಂತುಹೋಯ್ತು. ಇವರನ್ನ ಎಲ್ಲೋ ನೋಡಿದ್ದೀನಲ್ಲ ಅನ್ನಿಸತೊಡಗಿತು.

ನೋಡಿದ್ದು ಕೆ.ಆರ್. ಪೇಟೆಯಲ್ಲಿ, ಪಾಂಡವಪುರದಲ್ಲಿ, ನಾಗಮಂಗಲದಲ್ಲಿ. ಸಿನಿಮಾ ಥಿಯೇಟರಿನ ಗಾಂಧಿ ಕ್ಲಾಸಿನಲ್ಲಿ.

ಮಲ್ಟಿಪ್ಲೆಕ್ಸಿನಲ್ಲೇ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ, ಗಾಂಧಿ ಕ್ಲಾಸ್ ಅಂದ್ರೆ ಪರದೆಗೆ ಅಂಟಿಕೊಂಡ ಹಾಗಿರೋ, ಎಲ್ಲಕ್ಕಿಂತ ಅಗ್ಗದ ಟಿಕೆಟ್ಟಿನ ಬೆಂಚುಗಳು. ಬೆಂಚು ಅನ್ನೋದು ಹೆಸರಿಗೆ, ಮೊದಲ ದಿನ ಯಾರೂ ಕೂತಿರುತ್ತಿರಲಿಲ್ಲ. ಇಂಗ್ಲೆಂಡಿನ ಮೈದಾನಗಳಲ್ಲಿ ಇದೇ ಜಾಗಕ್ಕೆ ಟೆರೇಸ್ ಅಂತಿದ್ದರು. ನಮ್ಮ ಮನೆ ಮೇಲಿನ ಟೆರೇಸ್ ಅಲ್ಲ, ಗೋಲಿನ ಹಿಂದೆ ಸಾವಿರಾರು ಜನ ಒತ್ತಿಕೊಂಡು ನಿಲ್ಲುತ್ತಿದ್ದ ಕಾಂಕ್ರೀಟ್ ಮೆಟ್ಟಿಲುಗಳು. ಎರಡೂ ಕಡೆ ನಿಯಮ ಒಂದೇ. ಕಾಸು ಕಮ್ಮಿ, ಗಲಾಟೆ ಜಾಸ್ತಿ, ಹೊರಗೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಹುಡುಗ ಒಳಗೆ ಹೋದ ಮೇಲೆ ರಾಜ.

ಸ್ಕಿನ್‌ಹೆಡ್‌ಗಳ ಕತೆಯಲ್ಲಿ ನನಗೆ ಬಹಳ ಕಾಡಿದ್ದು ಅವರ ಹಾಡು. ಅವರು ಕುಣಿಯುತ್ತಿದ್ದುದು ಜಮೈಕಾದಿಂದ ವಲಸೆ ಬಂದ ಕರಿಯರ ಸಂಗೀತಕ್ಕೆ. ಜಮೈಕಾದ ಡೆಸ್ಮಂಡ್ ಡೆಕ್ಕರ್ ಹಾಡು 1969ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿತ್ತು, ಅದನ್ನು ಮೆರೆಸಿದವರಲ್ಲಿ ಈ ಹುಡುಗರೂ ಇದ್ದರು. ಹಾಗಂತ ಪಾಪದವರೇನಲ್ಲ. ಆಗಲೇ ಏಷ್ಯಾದವರನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೊಡೆಯುತ್ತಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದವು, ನ್ಯಾಷನಲ್ ಫ್ರಂಟ್ ಅನ್ನೋ ಜನಾಂಗದ್ವೇಷದ ಪಕ್ಷ ಮೈದಾನದ ಗೇಟುಗಳಲ್ಲೇ ನಿಂತು ಕೆಲಸವಿಲ್ಲದ ಹುಡುಗರನ್ನು ಸೇರಿಸಿಕೊಳ್ಳತೊಡಗಿತು. ಬೋಳು ತಲೆ ಅಂದ್ರೆ ಆ ಪಕ್ಷದ ಗುರುತು ಅಂತಾಗಿಹೋಯ್ತು.

ನಮ್ಮಲ್ಲಿ ತಲೆ ಬೋಳಾಗಲಿಲ್ಲ, ಕೂದಲು ಬೆಳೀತು. 2005ರಲ್ಲಿ ‘ಜೋಗಿ’ ಬಂದಾಗ ನಾನು ಪಿಯುಸಿ. ಶಿವಣ್ಣನ ಹಾಗೆ ಕೂದಲು ಬಿಟ್ಟುಕೊಂಡ ಹುಡುಗರು ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಇದ್ದರು. ಲಾಂಗು ಹಿಡಿಯೋ ಕತೆಗಳು ಅದಕ್ಕೆ ಹತ್ತು ವರ್ಷ ಮುಂಚೆ ‘ಓಂ’ನಿಂದಲೇ ಜೋರಾಗಿದ್ದವು, ಆದರೆ ಜೋಗಿ ನಮ್ಮನ್ನು ಬೇರೆ ಥರ ಮುಟ್ಟಿತು. ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಕಳೆದುಹೋಗುವ ಹುಡುಗ, ಅವನನ್ನು ಹುಡುಕಿಕೊಂಡು ಬರುವ ಅವ್ವ. ನಮ್ಮೂರಲ್ಲಿ ಮನೆಗೊಬ್ಬರಂತೆ ಪೀಣ್ಯಕ್ಕೋ, ಗಾರ್ಮೆಂಟ್ಸಿಗೋ, ಹೋಟೆಲಿಗೋ ಹೊರಟಿದ್ದ ಕಾಲ ಅದು.

ಆಗ ಊರಿನ ಬಾಗಿಲಲ್ಲೇ ಅಭಿಮಾನಿ ಸಂಘದ ಬೋರ್ಡು ಇರುತ್ತಿತ್ತು. ರಾಜ್ಯೋತ್ಸವಕ್ಕೆ ಬಾವುಟ ಏರಿಸೋರೂ ಅವರೇ, ರಕ್ತದಾನ ಮಾಡಿಸೋರೂ ಅವರೇ, ಎದುರು ಸಂಘದವರ ಪೋಸ್ಟರಿಗೆ ರಾತ್ರಿ ಸಗಣಿ ಬಳಿಯೋರೂ ಅವರೇ. ಯಾರ ಕಟೌಟು ಎತ್ತರ ಅನ್ನೋದಕ್ಕೆ ಕೈ ಕೈ ಮಿಲಾಯಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೀನಿ. ಕಬ್ಬು ಕಡಿದ ಕೂಲಿ ದುಡ್ಡಲ್ಲಿ ಹಾರ ತಂದು, ಆಳೆತ್ತರದ ಚಿತ್ರಕ್ಕೆ ಹಾಲು ಸುರಿದು, ಪರದೆ ಮುಂದೆ ಕರ್ಪೂರ ಹಚ್ಚುತ್ತಿದ್ದರು. ನಾಯಕ ಬಂದ ಕೂಡಲೇ ಹರಿದ ಪೇಪರು, ಚಿಲ್ಲರೆ ಕಾಸು ಪರದೆಗೆ ಹಾರುತ್ತಿದ್ದವು.

ಇಷ್ಟೆಲ್ಲದರಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನಿಸೋದು ಟಿಕೆಟ್ ಕೊಡುತ್ತಿದ್ದ ಕಿಂಡಿಗೆ ಹೋಗುವ ದಾರಿ. ಒಬ್ಬ ಮನುಷ್ಯನ ಅಗಲ. ಎರಡೂ ಕಡೆ ಕಬ್ಬಿಣದ ಕಂಬಿ, ಕೆಲವು ಕಡೆ ಮೇಲೂ ಕಂಬಿ. ಒಳಗೆ ಹೋದ ಮೇಲೆ ವಾಪಸ್ ಬರೋ ಹಾಗಿಲ್ಲ. ಹಿಂದಿನವರು ದೂಡಿದ ಹಾಗೆ ಮುಂದಿನವರ ಎದೆ ಕಂಬಿಗೆ ಒತ್ತುತ್ತಿತ್ತು, ಕಾಲು ನೆಲ ಬಿಟ್ಟದ್ದೂ ಉಂಟು. ಹೊರಗೆ ಲಾಠಿ ಹಿಡಿದು ನಿಂತ ಪೊಲೀಸಿನವರಿಗೆ ಕಾಣುತ್ತಿದ್ದುದು ಕಿರುಚಾಡೋ ಪುಂಡರು. ಒಳಗಿದ್ದವನಿಗೆ ಬೇಕಾಗಿದ್ದುದು ಉಸಿರು.

ನಮ್ಮ ಹುಡುಗರೂ ದೇವರುಗಳಲ್ಲ. ಆಗ ನಾನು ಚಿಕ್ಕವನು, ದೊಡ್ಡವರ ಬಾಯಲ್ಲಿ ಕೇಳಿದ್ದು: 1991ರಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕು ಅಂತ ಮಧ್ಯಂತರ ಆದೇಶ ಕೊಟ್ಟಿತ್ತು. ಕನ್ನಂಬಾಡಿ ಕಟ್ಟೆ ಇರೋದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ನಮ್ಮ ನಾಲೆಗೆ ನೀರು ಬರೋದು ಅಲ್ಲಿಂದ, ಆದ್ದರಿಂದ ಸಿಟ್ಟಿಗೆ ಕಾರಣ ಇತ್ತು. ಆದರೆ ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಆ ಸಿಟ್ಟು ತೀರಿದ್ದು ನೀರಿಗೂ ಆದೇಶಕ್ಕೂ ಸಂಬಂಧವೇ ಇಲ್ಲದ ಬಡ ತಮಿಳರ ಮೇಲೆ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಡಿಪೋ ಒಂದರಲ್ಲಿ ಹತ್ತಾರು ಬಸ್ಸುಗಳು ಸುಟ್ಟು ಹೋದವು, ಅದೇ ಕತೆ. ಜಮೈಕಾ ಹಾಡಿಗೆ ಕುಣಿದು ಕರಿಯರಿಗೆ ಹೊಡೆದವರನ್ನು ಬೈಯುವಾಗ, ಇಳಯರಾಜ ಹಾಡಿಗೆ ಸಿಳ್ಳೆ ಹಾಕಿ ತಮಿಳಿನವನ ಅಂಗಡಿಗೆ ಕಲ್ಲೆಸೆದವರನ್ನೂ ನೆನೆಯಬೇಕು.

2006ರ ಏಪ್ರಿಲ್ 12, ಬುಧವಾರ. ಮಧ್ಯಾಹ್ನ ರಾಜಕುಮಾರ್ ತೀರಿಕೊಂಡರು. ನಾನು ಸಿಇಟಿಗೆ ಓದುತ್ತಾ ಊರಲ್ಲಿದ್ದೆ. ಚಿಕ್ಕಪ್ಪನ ಮಗ ಪೀಣ್ಯದಲ್ಲಿ ಲೇತ್ ಮೆಷಿನ್ ಕೆಲಸಕ್ಕಿದ್ದ. ಸುದ್ದಿ ಕೇಳಿದವನೇ ಕಂಠೀರವ ಸ್ಟೇಡಿಯಂ ಕಡೆ ನಡೆದ. ಅವತ್ತು, ಮಾರನೇ ದಿನ ನಡೆದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಬಸ್ಸು ಸುಟ್ಟರು, ಗಾಜು ಒಡೆದರು, ಒಬ್ಬ ಪೊಲೀಸ್ ಪೇದೆಯನ್ನು ಹೊಡೆದು ಕೊಂದರು, ಪೊಲೀಸರು ಗುಂಡು ಹಾರಿಸಿದರು. ಒಟ್ಟು ಎಂಟು ಜೀವ ಹೋಯಿತು. ಜನ ಕಾರಿನ ಗಾಜಿಗೆ ರಾಜ್ ಫೋಟೊ ಅಂಟಿಸಿಕೊಂಡು ಓಡಾಡಿದರು, ಐಟಿ ಕಂಪನಿಗಳು ರಜೆ ಕೊಟ್ಟವು.

ಮೂರನೇ ದಿನ ಅಣ್ಣ ಊರಿಗೆ ಬಂದ. ಒಂದೇ ಕಾಲಲ್ಲಿ ಚಪ್ಪಲಿ ಇತ್ತು.

‘ನೀನೂ ಕಲ್ಲು ಹೊಡದ್ಯಾ?’ ಅಂದೆ.

‘ಸುಮ್ಕಿರ್ಲಾ’ ಅಂದ. ಸ್ವಲ್ಪ ಹೊತ್ತಾದ ಮೇಲೆ, ‘ಮಕ ನೋಡ್ಬೇಕು ಅಂತ್ಲೇ ಓಗಿದ್ದು ಕಣ್ಲಾ. ಎತ್ಲಾಗೆ ಓಗ್ಬೇಕು, ಎಲ್ಲಿ ನಿಂತ್ಕಬೇಕು ಅಂತ ಒಬ್ನೂ ಯೋಳ್ನಿಲ್ಲ’ ಅಂದ. ಕಲ್ಲಿನ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

ಆ ಪೇದೆಯ ಸಾವಿಗೆ ಯಾವ ದುಃಖವೂ ಸಮಜಾಯಿಷಿ ಆಗೋದಿಲ್ಲ. ಆದರೂ ಅಣ್ಣನ ಮಾತಿನ ಕೊನೆಯ ಭಾಗ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅದೇನು ಅಂತ ನನಗೆ ಸರಿಯಾಗಿ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ಹಿಲ್ಸ್‌ಬರೋ ಬಗ್ಗೆ ಓದಿದಾಗ.

1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳ ಗುಂಪು ನುಗ್ಗಿ, ಗೋಡೆ ಕುಸಿದು 39 ಜನ ಸತ್ತರು. ಹೆಚ್ಚಿನವರು ಇಟಲಿಯವರು. ಇಂಗ್ಲೆಂಡಿನ ಕ್ಲಬ್ಬುಗಳನ್ನು ಐದು ವರ್ಷ ಯುರೋಪಿನ ಪಂದ್ಯಗಳಿಂದ ಹೊರಗಿಟ್ಟರು. ಫುಟ್‌ಬಾಲ್ ನೋಡುವವನು ಅಂದ್ರೆ ಪುಂಡ ಅಂತ ತೀರ್ಮಾನ ಆಗಿಹೋಯ್ತು. ಪುಂಡರು ಮೈದಾನಕ್ಕೆ ಇಳಿಯದ ಹಾಗೆ ಹಾಕಿದ್ದ ಉಕ್ಕಿನ ಬೇಲಿಗಳನ್ನು ಮುಟ್ಟುವ ಮಾತೇ ಇರಲಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ಸೆಮಿಫೈನಲ್. ಹೊರಗೆ ನೂಕುನುಗ್ಗಲು ಹೆಚ್ಚಾಯ್ತು ಅಂತ ಪೊಲೀಸರು 2:52ಕ್ಕೆ ಒಂದು ದೊಡ್ಡ ಗೇಟು ತೆಗೆಸಿದರು. ಒಳಗೆ ಬಂದವರಿಗೆ ಎದುರಿಗೇ ಕಂಡದ್ದು ಒಂದು ಸುರಂಗ. ಅದರ ಆ ತುದಿಯ ಬೇಲಿಯ ಅಂಕಣಗಳು ಆಗಲೇ ತುಂಬಿದ್ದವು, ಪಕ್ಕದವು ಖಾಲಿ ಇದ್ದವು. ಪಕ್ಕಕ್ಕೆ ಹೋಗಿ ಅನ್ನೋಕೆ ಸುರಂಗದ ಬಾಯಲ್ಲಿ ಒಬ್ಬರೂ ಇರಲಿಲ್ಲ. ಮುಂದಿದ್ದವರು ನಿಂತಲ್ಲೇ ಉಸಿರುಗಟ್ಟಿದರು. ಕೊನೆಗೆ ಸಾವಿನ ಲೆಕ್ಕ 97.

ಗೇಟನ್ನು ಅಭಿಮಾನಿಗಳೇ ಮುರಿದು ನುಗ್ಗಿದರು ಅಂತ ಅವತ್ತೇ ಪೊಲೀಸ್ ಅಧಿಕಾರಿ ಸುಳ್ಳು ಹೇಳಿದ. ಅಭಿಮಾನಿಗಳು ಹೆಣಗಳ ಜೇಬು ಕತ್ತರಿಸಿದರು ಅಂತ ಪತ್ರಿಕೆಯೊಂದು ಮುಖಪುಟದಲ್ಲಿ ಬರೆಯಿತು. ಜನ ನಂಬಿದರು. ಯಾಕೆ ನಂಬಬಾರದು, ಹೇಸೆಲ್ ನೋಡಿದ್ದರಲ್ಲ? ಆ ಸುಳ್ಳನ್ನು ಕಳಚೋಕೆ ಸತ್ತವರ ಮನೆಯವರು 27 ವರ್ಷ ಅಲೆದರು. ಪೊಲೀಸರ ಹೇಳಿಕೆಗಳನ್ನೇ ತಿದ್ದಿದ್ದು 2012ರಲ್ಲಿ ಪೂರ್ತಿ ಬಯಲಾಯಿತು. ಅಭಿಮಾನಿಗಳ ತಪ್ಪಿಲ್ಲ ಅಂತ ಜ್ಯೂರಿ ಹೇಳಿದ್ದು 2016ರ ಏಪ್ರಿಲ್‌ನಲ್ಲಿ.

ಅಷ್ಟು ಹೊತ್ತಿಗೆ ಟೆರೇಸ್‌ಗಳೇ ಇರಲಿಲ್ಲ. ದೊಡ್ಡ ಮೈದಾನಗಳಲ್ಲೆಲ್ಲ ಕುರ್ಚಿ ಬಂದವು, ಟಿಕೆಟ್ ದರ ಏರಿತು, ಮೆಟ್ಟಿಲ ಮೇಲೆ ನಿಂತಿದ್ದವರ ಮಕ್ಕಳು ಟಿವಿಯಲ್ಲಿ ಮ್ಯಾಚ್ ನೋಡತೊಡಗಿದರು. ಜೀವ ಉಳಿದವು, ನಿಜ. ನಮ್ಮಲ್ಲೂ ಗಾಂಧಿ ಕ್ಲಾಸು ಹೋಗಿ ರಿಕ್ಲೈನರ್ ಸೀಟು ಬಂತು. ಪಾಪ್‌ಕಾರ್ನ್ ಬೆಲೆಯಲ್ಲಿ ಹಿಂದೆ ನಮ್ಮೂರ ಬಸ್ಸಿನ ಹುಡುಗರೆಲ್ಲ ಸಿನಿಮಾ ನೋಡುತ್ತಿದ್ದರು.

ಅಂದ ಹಾಗೆ ಅದೇ ಹುಡುಗರು, ಅದೇ ಸಂಘಗಳು ಬೇರೆ ಥರ ನಡೆದುಕೊಂಡದ್ದೂ ಇದೆ. 2018ರ ನವೆಂಬರ್ 24ರ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಶಾಲೆ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ಒಂದೇ ದಿನ ಇಡೀ ಜಿಲ್ಲೆಗೆ ಎರಡು ಸೂತಕ. ಏನಾಗುತ್ತೋ ಅಂತ ಬೆಂಗಳೂರಲ್ಲಿ ಕೂತು ನಾನು ಹೆದರಿದ್ದೆ. ಆದರೆ ಪಾರ್ಥಿವ ಶರೀರವನ್ನು ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೇ ತಂದು ಸ್ಟೇಡಿಯಂನಲ್ಲಿ ರಾತ್ರಿಯಿಡೀ ಇಟ್ಟರು. ಕೆ.ಆರ್. ಪೇಟೆ, ನಾಗಮಂಗಲದಿಂದ ಸಿಕ್ಕ ಗಾಡಿ ಹತ್ತಿ ಬಂದ ಜನ ಸಾಲಲ್ಲಿ ನಿಂತು ಮುಖ ನೋಡಿಕೊಂಡು ಹೋದರು. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗಲೂ ಹಾಗೇ. ಅದೇ ಕಂಠೀರವ ಸ್ಟೇಡಿಯಂ, ಲಕ್ಷಗಟ್ಟಲೆ ಜನ, ಹೆಂಡದಂಗಡಿ ಬಂದ್, ಹಗಲು ರಾತ್ರಿ ಮುಂದೆ ಸಾಗುತ್ತಿದ್ದ ಸಾಲು, 31ರ ಬೆಳಗ್ಗೆ ಬೇಗನೆ ಮಣ್ಣು. ಅಣ್ಣ ಈ ಸಲವೂ ಹೋಗಿದ್ದ, ಎರಡೂ ಚಪ್ಪಲಿ ಹಾಕಿಕೊಂಡೇ ವಾಪಸ್ ಬಂದ. 2006ರಿಂದ ಆಚೆಗೆ ಹುಡುಗರು ಸಂತರಾಗಿಬಿಟ್ಟರು ಅಂತ ನಾನು ನಂಬೋದಿಲ್ಲ. (2024ರಲ್ಲಿ ಅಭಿಮಾನದ ಹೆಸರಲ್ಲಿ ಎದ್ದ ಕೊಲೆ ಕೇಸು ಕೋರ್ಟಿನಲ್ಲಿದೆ, ಅದರ ಮಾತು ಇಲ್ಲಿ ಬೇಡ.) ಸರ್ಕಾರ ಒಂದು ಪಾಠ ಕಲಿತಿತ್ತು ಅಷ್ಟೆ.

2025ರ ಜೂನ್ 4ಕ್ಕೆ ಅದೂ ಮರೆತುಹೋಗಿತ್ತು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತ್ತು. 35,000 ಜನ ಹಿಡಿಯುವ ಚಿನ್ನಸ್ವಾಮಿ ಸ್ಟೇಡಿಯಂ ಮುಂದೆ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಹತ್ತಿರ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ನಮ್ಮ ಮಂಡ್ಯ ಜಿಲ್ಲೆಯವರೂ ಅದರಲ್ಲಿದ್ದರು.

ಸಂಜೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಶುರುವಾದವು. ಈ ಜನಕ್ಕೆ ಶಿಸ್ತೇ ಇಲ್ಲ, ಕೆಲಸ ಇಲ್ಲದೋರು, ಲೋಕಲ್ ಕ್ರೌಡ್. ಸತ್ತವರಲ್ಲಿ ವಿದ್ಯಾರ್ಥಿಗಳಿದ್ದರು, ನಮ್ಮಂಥ ಐಟಿಯವರೂ ಇದ್ದರು ಅಂತ ಮಾರನೇ ದಿನ ಗೊತ್ತಾದಾಗ ಗ್ರೂಪು ಸುಮ್ಮನಾಯಿತು.

ಆವತ್ತು ರಾತ್ರಿ ಅಣ್ಣ ಫೋನ್ ಮಾಡಿದ. ಅವನೀಗ ಪೀಣ್ಯ ಬಿಟ್ಟು ಊರಲ್ಲೇ ರೇಷ್ಮೆ ಸಾಕುತ್ತಾನೆ. ನಾನು ಅಲ್ಲಿಗೆ ಹೋಗಿರಲಿಲ್ಲ ಅಂತ ಖಾತ್ರಿ ಮಾಡಿಕೊಂಡ. ಗಲಾಟೆ ಯಾರು ಮಾಡಿದರು ಅಂತ ಅವನು ಕೇಳಲೇ ಇಲ್ಲ.

‘ಗೇಟು ತೆಗ್ದಿದ್ರೇನ್ಲಾ?’ ಅಂದ. ‘ಎಷ್ಟ್ ತೆಗ್ದಿದ್ರು?’